ಗಣಿತದ ತರಗತಿಯಲ್ಲಿ ಸಣ್ಣ ಗುಂಪುಗಳು: ಯಾರನ್ನು ಕರೆಯಬೇಕು, ಉಳಿದವರಿಗೆ ಏನು ಕೊಡಬೇಕು?

ಪ್ರಶ್ನೆ: ನಾನು ಮೂರನೇ ತರಗತಿಗೆ ಗಣಿತ ಕಲಿಸುತ್ತೇನೆ. ತರಗತಿಯಲ್ಲಿ 36 ಮಕ್ಕಳಿದ್ದಾರೆ, ಅವಧಿ 45 ನಿಮಿಷದ್ದು. ಎಲ್ಲರಿಗೂ ಒಟ್ಟಿಗೆ ಕಲಿಸಿದರೆ ಕೆಲವರಿಗೆ ತಲುಪುವುದೇ ಇಲ್ಲವೆಂದು ಪರೀಕ್ಷೆಯ ಅಂಕ ನೋಡಿ ನಾಲ್ಕು ಗುಂಪು ಮಾಡಿದೆ. ಒಂದು ಗುಂಪಿನ ಜೊತೆ ಕೂತರೆ ಉಳಿದ ಮೂರು ಗುಂಪುಗಳಲ್ಲಿ ಗದ್ದಲ. ನಿಮಿಷಕ್ಕೊಬ್ಬರು ನೋಟ್‌ಬುಕ್ ಹಿಡಿದು ನನ್ನ ಬಳಿ ಬರುತ್ತಾರೆ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ನಾಲ್ಕನೇ ಗುಂಪನ್ನು ಮಕ್ಕಳೇ ‘ದಡ್ಡರ ಗುಂಪು’ ಎಂದು ಕರೆಯತೊಡಗಿದ್ದಾರೆ. ಈ ಪ್ರಯತ್ನ ಬಿಟ್ಟುಬಿಡಲೇ, ಅಥವಾ ಸರಿಪಡಿಸಿಕೊಳ್ಳುವ ದಾರಿ ಇದೆಯೇ?

ಉತ್ತರ: ಬಿಡಬೇಡಿ. ಆದರೆ ಅಂಕದ ಮೇಲೆ ಮಾಡಿದ ಆ ನಾಲ್ಕು ಗುಂಪುಗಳನ್ನು ಮಾತ್ರ ನಾಳೆಯಿಂದಲೇ ಕೈಬಿಡಿ. ನೀವು ಹೇಳಿರುವ ಎರಡು ತೊಂದರೆಗಳಿಗೂ ಬೇರೆ ಬೇರೆ ಬೇರುಗಳಿವೆ. ಮಕ್ಕಳು ಒಂದು ಗುಂಪಿಗೆ ಹೆಸರಿಟ್ಟದ್ದು ನೀವು ಗುಂಪು ಮಾಡಿದ ಆಧಾರದಿಂದ. ಗದ್ದಲ ಎದ್ದದ್ದು ಉಳಿದ ಮಕ್ಕಳ ಕೈಗೆ ಕೊಟ್ಟ ಕೆಲಸದಿಂದ. ಮೊದಲನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಸರಿಯಾಗದೆ ಉಳಿದದ್ದು ಎಷ್ಟೇ ಅಚ್ಚುಕಟ್ಟಾದರೂ ಮಕ್ಕಳಿಗೆ ಪ್ರಯೋಜನವಾಗುವುದಿಲ್ಲ.

ನಲವತ್ತಕ್ಕೆ ಹದಿನೆಂಟು ಅಂಕ ತೆಗೆದ ಇಬ್ಬರು ಮಕ್ಕಳನ್ನು ಅಕ್ಕಪಕ್ಕ ಕೂರಿಸಿ ನೋಡಿ. ಒಬ್ಬಳಿಗೆ ಕೂಡುವುದು, ಕಳೆಯುವುದು ಸಲೀಸು, ಆದರೆ ವಾಕ್ಯರೂಪದ ಲೆಕ್ಕ ಕಂಡರೆ ಯಾವ ಕ್ರಿಯೆ ಮಾಡಬೇಕೆಂದು ತಿಳಿಯದು. ಇನ್ನೊಬ್ಬನಿಗೆ ಕತೆಯೆಲ್ಲ ಅರ್ಥವಾಗುತ್ತದೆ, ‘ಕಳೆಯಬೇಕು’ ಎಂದು ಸರಿಯಾಗಿಯೇ ಹೇಳುತ್ತಾನೆ, ಕಳೆಯುವಾಗ ಸ್ಥಾನಬೆಲೆ ತಪ್ಪುತ್ತಾನೆ. ಇಬ್ಬರ ಅಂಕ ಒಂದೇ, ಬೇಕಾದ ಪಾಠ ಬೇರೆ. ಅಂಕ ನೋಡಿ ಇವರನ್ನು ಒಂದೇ ಗುಂಪಿಗೆ ಸೇರಿಸಿದರೆ ಅಲ್ಲಿ ಏನು ಕಲಿಸುತ್ತೀರಿ? ಸಾಮಾನ್ಯವಾಗಿ ಆಗುವುದೇನೆಂದರೆ, ಇಡೀ ತರಗತಿಗೆ ಹೇಳಿದ ಪಾಠವನ್ನೇ ಇನ್ನೊಮ್ಮೆ ನಿಧಾನವಾಗಿ, ಸ್ವಲ್ಪ ದೊಡ್ಡ ದನಿಯಲ್ಲಿ ಹೇಳುವುದು. ಅದಕ್ಕೆ ಗುಂಪು ಬೇಕಾಗಿಲ್ಲ.

ಈ ವಿಷಯದಲ್ಲಿ ಹಳೆಯದಾದರೂ ಈಗಲೂ ಉಪಯುಕ್ತವಾದ ಒಂದು ಪರಿಶೀಲನೆ ಇದೆ. ರಾಬರ್ಟ್ ಸ್ಲೇವಿನ್ ಎಂಬ ಶಿಕ್ಷಣ ಸಂಶೋಧಕರು ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳನ್ನು ಸಾಮರ್ಥ್ಯಕ್ಕೆ ತಕ್ಕಂತೆ ವಿಂಗಡಿಸುವುದರ ಕುರಿತು ನಡೆದಿದ್ದ ಅಧ್ಯಯನಗಳನ್ನೆಲ್ಲ 1987ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಮಕ್ಕಳನ್ನು ಸಾಮರ್ಥ್ಯದ ಮೇಲೆ ಬೇರೆ ಬೇರೆ ತರಗತಿಗಳಿಗೆ ಹಂಚಿ ದಿನವಿಡೀ ಹಾಗೆಯೇ ಇರಿಸುವುದರಿಂದ ಲಾಭ ಕಾಣಲಿಲ್ಲ. ಅದೇ, ಒಂದೇ ತರಗತಿಯ ಒಳಗೆ ಗಣಿತಕ್ಕೆಂದು ಗುಂಪು ಮಾಡಿದಲ್ಲಿ ಲಾಭ ಕಂಡಿತು. ಅದರಲ್ಲೂ ಗುಂಪುಗಳ ಸಂಖ್ಯೆ ಎರಡು ಮೂರಕ್ಕೆ ಸೀಮಿತವಾಗಿದ್ದಾಗ ಫಲ ಹೆಚ್ಚು. ಗುಂಪು ಒಂದು ನಿರ್ದಿಷ್ಟ ಕೌಶಲಕ್ಕಾಗಿ ಇರಬೇಕು, ಮಕ್ಕಳನ್ನು ಆಗಾಗ ಪರೀಕ್ಷಿಸಿ ಗುಂಪು ಬದಲಿಸಬೇಕು, ಪಾಠದ ಮಟ್ಟವೂ ವೇಗವೂ ನಿಜವಾಗಿ ಬೇರೆಯಾಗಬೇಕು ಎಂಬ ಷರತ್ತುಗಳನ್ನೂ ಅವರು ಎತ್ತಿ ಹೇಳಿದರು. ನನ್ನ ಅನುಭವದಲ್ಲಿ ಗುಂಪು ಬೋಧನೆ ಸೋತಿರುವ ತರಗತಿಗಳಲ್ಲಿ ಈ ಷರತ್ತುಗಳಲ್ಲಿ ಒಂದಾದರೂ ಕೈಬಿಟ್ಟು ಹೋಗಿರುತ್ತದೆ, ಹೆಚ್ಚಾಗಿ ಮೊದಲನೆಯದೇ.

ಹಾಗಾದರೆ ಮಗುವಿಗೆ ಎಲ್ಲಿ ಎಡವುತ್ತಿದೆ ಎಂದು ತಿಳಿಯುವುದು ಹೇಗೆ? ಇದಕ್ಕೆ ದೊಡ್ಡ ನೈದಾನಿಕ ಪರೀಕ್ಷೆ ಬೇಡ. ಮೂರು ನಾಲ್ಕು ಲೆಕ್ಕ ಸಾಕು, ಆದರೆ ಆ ಲೆಕ್ಕದ ಅಂಕಿಗಳನ್ನು ಯೋಚಿಸಿ ಆರಿಸಬೇಕು. ಮೂರನೇ ತರಗತಿಯ ದಶಕಸಹಿತ ವ್ಯವಕಲನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. 52ರಲ್ಲಿ 27 ಕಳೆಯಿರಿ ಎಂದು ಕೊಟ್ಟಿರಿ ಎನ್ನೋಣ. ಸರಿ ಉತ್ತರ 25. ಹಲವರು 35 ಎಂದು ಬರೆಯುತ್ತಾರೆ. ಅವರಲ್ಲಿ ಒಬ್ಬ ಮಗು ಬಿಡಿ ಸ್ಥಾನದಲ್ಲಿ ಎರಡರಿಂದ ಏಳು ಹೋಗುವುದಿಲ್ಲವೆಂದು ತಿರುಗಿಸಿ ಏಳರಲ್ಲಿ ಎರಡು ಕಳೆದು 5 ಬರೆದಿರುತ್ತದೆ. ಇನ್ನೊಂದು ಮಗು ಹತ್ತರ ಸ್ಥಾನದಿಂದ ಒಂದು ದಶಕ ತೆಗೆದುಕೊಂಡು ಹನ್ನೆರಡರಲ್ಲಿ ಏಳು ಕಳೆದು 5 ಬರೆದು, ತೆಗೆದುಕೊಂಡ ದಶಕವನ್ನು ಅಲ್ಲಿ ಕಡಿಮೆ ಮಾಡಲು ಮರೆತಿರುತ್ತದೆ. ಎರಡು ದಾರಿಯಲ್ಲೂ ಬರುವುದು 35. ಹಾಳೆ ನೋಡಿ ಯಾವ ಮಗುವಿನ ತಪ್ಪು ಯಾವುದೆಂದು ನಿಮಗೆ ಹೇಳಲಾಗದು.

ಈಗ ಅದೇ ಲೆಕ್ಕದಲ್ಲಿ 52ರ ಬದಲು 53 ಹಾಕಿ. ಸರಿ ಉತ್ತರ 26. ತಿರುಗಿಸಿ ಕಳೆದ ಮಗು 34 ಎಂದು ಬರೆಯುತ್ತದೆ. ದಶಕ ಕಡಿಮೆ ಮಾಡಲು ಮರೆತ ಮಗು 36 ಎಂದು ಬರೆಯುತ್ತದೆ. 27 ಎಂದು ಬರೆದ ಮಗುವೂ ಸಿಗುತ್ತದೆ. ಆ ಮಗುವಿಗೆ ವಿಧಾನವೆಲ್ಲ ಗೊತ್ತು, ಹದಿಮೂರರಿಂದ ಹಿಂದಕ್ಕೆ ಎಣಿಸುವಾಗ ಮೊದಲ ಬೆರಳಿಗೇ ‘ಹದಿಮೂರು’ ಎಂದು ಹೇಳಿಬಿಟ್ಟಿರುತ್ತದೆ, ಹಾಗಾಗಿ ಒಂದು ಹೆಚ್ಚಾಗುತ್ತದೆ. ಒಂದು ಅಂಕಿ ಬದಲಿಸಿದ್ದಕ್ಕೆ ಮೂರು ತಪ್ಪುಗಳು ಮೂರು ಉತ್ತರಗಳಾಗಿ ಬೇರೆಯಾದವು, ನಿಮಗೆ ಮೂರು ಗುಂಪುಗಳೂ ಸಿಕ್ಕವು. ಇವು ಅಜಾಗರೂಕತೆಯ ತಪ್ಪುಗಳಲ್ಲ, ಮಗು ತಾನೇ ಕಟ್ಟಿಕೊಂಡ ನಿಯಮದ ಫಲ ಎಂಬುದನ್ನು ಬ್ರೌನ್ ಮತ್ತು ಬರ್ಟನ್ ಎಂಬ ಇಬ್ಬರು ಸಂಶೋಧಕರು 1978ರಲ್ಲೇ ಮಕ್ಕಳ ಕಳೆಯುವ ಲೆಕ್ಕಗಳನ್ನು ವಿಶ್ಲೇಷಿಸಿ ತೋರಿಸಿದ್ದಾರೆ. ತಪ್ಪು ನಿಯಮವನ್ನು ಮಗು ಬಲು ನಿಷ್ಠೆಯಿಂದ ಪಾಲಿಸುತ್ತದೆ. ಹಾಗಾಗಿಯೇ ‘ಗಮನವಿಟ್ಟು ಮಾಡು’ ಎಂದು ಎಷ್ಟು ಸಲ ಹೇಳಿದರೂ ಅದೇ ಉತ್ತರ ಮತ್ತೆ ಬರುತ್ತದೆ.

ಈ ಚಿಕ್ಕ ಪರೀಕ್ಷೆಯನ್ನು ಹಿಂದಿನ ದಿನದ ಅವಧಿಯ ಕೊನೆಗೆ ಚೀಟಿಯಲ್ಲಿ ಬರೆಸಿಕೊಳ್ಳಿ. ಅಂಕ ಹಾಕಬೇಡಿ. ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಒಂದೇ ಬಗೆಯ ತಪ್ಪಿರುವವನ್ನು ಒಂದೊಂದು ಕಡೆ ಇಡಿ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದೇ ತಪ್ಪು ಮಾಡಿದ್ದರೆ ಗುಂಪಿನ ಮಾತೇ ಬೇಡ. ಮರುದಿನ ಆ ಪಾಠವನ್ನು ಇಡೀ ತರಗತಿಗೆ ಬೇರೆ ರೀತಿಯಲ್ಲಿ ಇನ್ನೊಮ್ಮೆ ಮಾಡಿ. ನಾಲ್ಕೋ ಐದೋ ಏಳೋ ಚೀಟಿಗಳು ಒಟ್ಟಾದಾಗ ಅದು ಗುಂಪು. ಏಳಿದ್ದರೆ ಎರಡು ದಿನಕ್ಕೆ ಹಂಚಿ, ಒಂದು ಸಲಕ್ಕೆ ಐವರಿಗಿಂತ ಹೆಚ್ಚು ಮಕ್ಕಳನ್ನು ಕರೆಯಬೇಡಿ. ಐವರ ನೋಟ್‌ಬುಕ್ ಕೂತಲ್ಲಿಂದಲೇ ಕಣ್ಣಿಗೆ ಬೀಳುತ್ತದೆ, ಯಾರ ಕೈ ಎಲ್ಲಿ ನಿಂತಿತು ಎಂಬುದು ತಿಳಿಯುತ್ತದೆ. ಎಂಟು ಮಕ್ಕಳಾದರೆ ನೀವು ಮತ್ತೆ ಭಾಷಣಕ್ಕೆ ಇಳಿಯುತ್ತೀರಿ, ಇಬ್ಬರು ಉತ್ತರಿಸುತ್ತಾರೆ, ಆರು ಮಂದಿ ತಲೆಯಾಡಿಸುತ್ತಾರೆ.

ಇನ್ನು ಉಳಿದ ಮೂವತ್ತು ಚಿಲ್ಲರೆ ಮಕ್ಕಳ ವಿಷಯ. ಗುಂಪು ಬೋಧನೆಯ ಅಳಿವು ಉಳಿವು ಇಲ್ಲಿಯೇ ನಿರ್ಧಾರವಾಗುತ್ತದೆ ಎಂದು ನಾನು ನಂಬಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮಕ್ಕಳು ನೋಟ್‌ಬುಕ್ ಹಿಡಿದು ಎದ್ದು ಬರುವುದು ಹಟದಿಂದಲ್ಲ. ಕೊಟ್ಟ ಕೆಲಸ ಅವರಿಗೆ ಒಬ್ಬರೇ ಮಾಡಲು ಬಾರದು, ಅಥವಾ ಬೇಗ ಮುಗಿದುಹೋಗಿ ಮುಂದೇನು ಎಂದು ತಿಳಿಯದು. ಹಾಗಾಗಿ ಒಂದು ಕಟ್ಟುನಿಟ್ಟಿನ ನಿಯಮ ಮಾಡಿಕೊಳ್ಳಿ: ನೀವು ಜೊತೆಗಿಲ್ಲದಾಗ ಮಕ್ಕಳು ಮಾಡುವ ಕೆಲಸ ಅವರಿಗೆ ಈಗಾಗಲೇ ಬರುವಂಥದ್ದೇ ಆಗಿರಬೇಕು. ನಿನ್ನೆಯ ಪಾಠ ಅಲ್ಲಿಗೆ ಬರಬಾರದು. ಕಳೆದ ತಿಂಗಳ ಪಾಠ ಬರಬಹುದು. ಹಳೆಯದನ್ನು ನಡುನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ಮಾಡುವುದರಿಂದ ನೆನಪು ಗಟ್ಟಿಯಾಗುತ್ತದೆ, ಆದ್ದರಿಂದ ಇದು ಸಮಯ ಕಳೆಯಲು ಕೊಟ್ಟ ಕೆಲಸ ಎಂಬ ಅಳುಕು ಬೇಡ.

ನಾನು ಮೂರು ಬಗೆಯ ಕೆಲಸ ಸಾಕು ಎನ್ನುತ್ತೇನೆ. ಮೊದಲನೆಯದು ಅಭ್ಯಾಸ ಹಾಳೆ. ಹಿಂದುಗಡೆ ಉತ್ತರಗಳಿರಲಿ, ಮಗು ಐದು ಲೆಕ್ಕ ಮಾಡಿ ತಾನೇ ತಿರುಗಿಸಿ ನೋಡಿಕೊಳ್ಳಲಿ, ತಪ್ಪಾದದ್ದರ ಪಕ್ಕ ಗುರುತು ಹಾಕಲಿ. ಉತ್ತರ ನಕಲು ಮಾಡುತ್ತಾರೆ ಎಂಬ ಭಯ ಸಹಜ. ಆದರೆ ಅಂಕ ಇಲ್ಲದ ಕಡೆ ನಕಲಿಗೆ ಕಾರಣವೂ ಕಡಿಮೆ. ಎರಡನೆಯದು ಜೋಡಿಯಾಟ. ಎರಡು ದಾಳ ಉರುಳಿಸಿ ಬಂದ ಅಂಕಿಗಳಿಂದ ಎರಡಂಕಿಯ ಸಂಖ್ಯೆ ಮಾಡಿ 100ರಿಂದ ಕಳೆಯುತ್ತಾ ಹೋಗುವುದು, ಅಂಕಿ ಬರೆದ ಚೀಟಿಗಳನ್ನು ಎತ್ತಿ ಯಾರ ಗುಣಲಬ್ಧ ದೊಡ್ಡದೆಂದು ನೋಡುವುದು, ಇಂಥವು. ಆಟ ವಾರವಿಡೀ ಒಂದೇ ಇರಲಿ, ಅಂಕಿಗಳು ಮಾತ್ರ ಬದಲಾಗಲಿ. ದಿನಕ್ಕೊಂದು ಹೊಸ ಆಟ ತಂದರೆ ನಿಯಮ ಹೇಳುವುದರಲ್ಲೇ ಹೊತ್ತು ಹೋಗುತ್ತದೆ. ಮೂರನೆಯದು ಬೇಗ ಮುಗಿಸಿದವರಿಗೆ ಒಂದು ತೆರೆದ ಲೆಕ್ಕ. ಉದಾಹರಣೆಗೆ, ‘ಎರಡು ಸಂಖ್ಯೆಗಳ ವ್ಯತ್ಯಾಸ 26. ಅವು ಯಾವುವು ಇರಬಹುದು? ನಿನಗೆ ಸಿಕ್ಕ ಜೋಡಿಗಳಲ್ಲಿ ಯಾವ ಕ್ರಮ ಕಾಣುತ್ತದೆ?’ ಇದು ಮುಗಿಯುವುದೇ ಇಲ್ಲ, ಹಾಗಾಗಿ ‘ಆಯಿತು, ಮುಂದೇನು?’ ಎಂದು ಯಾರೂ ಎದ್ದು ಬರುವುದಿಲ್ಲ.

ಸಿಕ್ಕಿಕೊಂಡಾಗ ಏನು ಮಾಡಬೇಕೆಂಬುದನ್ನೂ ಮೊದಲೇ ಕಲಿಸಬೇಕು. ಮೊದಲು ಲೆಕ್ಕವನ್ನು ಇನ್ನೊಮ್ಮೆ ಓದು. ಆಮೇಲೆ ಜೊತೆಗಾರನನ್ನು ಕೇಳು. ಆಗಲೂ ಆಗದಿದ್ದರೆ ಗುರುತು ಹಾಕಿ ಮುಂದಿನ ಲೆಕ್ಕಕ್ಕೆ ಹೋಗು, ನಾನು ಸುತ್ತು ಬರುವಾಗ ನೋಡುತ್ತೇನೆ. ಜೊತೆಗಾರನನ್ನು ಕೇಳುವ ರೀತಿಯಲ್ಲೂ ಒಂದು ಸೂಕ್ಷ್ಮವಿದೆ. ‘ಉತ್ತರ ಏನು?’ ಎಂದು ಕೇಳಿದರೆ ಉತ್ತರ ಮಾತ್ರ ಸಿಗುತ್ತದೆ. ‘ನೀನು ಹೇಗೆ ಮಾಡಿದೆ?’ ಎಂದು ಕೇಳಿದರೆ ಇಬ್ಬರಿಗೂ ಲಾಭ. ಮಕ್ಕಳು ಗುಂಪಿನಲ್ಲಿ ಹೇಗೆ ಒಬ್ಬರಿಗೊಬ್ಬರು ನೆರವಾಗುತ್ತಾರೆ ಎಂಬುದನ್ನು ದೀರ್ಘಕಾಲ ಅಧ್ಯಯನ ಮಾಡಿದ ನೋರೀನ್ ವೆಬ್ ಕಂಡುಕೊಂಡದ್ದೂ ಇದನ್ನೇ: ವಿವರಿಸಿ ಹೇಳುವ ಮಗುವಿನ ಕಲಿಕೆ ಹೆಚ್ಚುತ್ತದೆ, ಬರೀ ಉತ್ತರ ಪಡೆದ ಮಗುವಿಗೆ ಅದರಿಂದ ಉಪಯೋಗವಾಗುವುದಿಲ್ಲ. ಆದ್ದರಿಂದ ಆ ಒಂದು ವಾಕ್ಯವನ್ನು ಮಕ್ಕಳ ಬಾಯಲ್ಲಿ ರೂಢಿ ಮಾಡಿಸಿ. ನೀವೇ ಇಬ್ಬರು ಮಕ್ಕಳನ್ನು ಮುಂದೆ ಕರೆದು ಅದನ್ನು ಆಡಿ ತೋರಿಸಿದರೆ ಉಳಿದವರು ಬೇಗ ಹಿಡಿಯುತ್ತಾರೆ.

ಈ ರೂಢಿ ಬರುವ ತನಕ ಯಾವ ಗುಂಪನ್ನೂ ಕರೆಯಬೇಡಿ. ಇದು ನನ್ನ ಸಲಹೆಗಳಲ್ಲಿ ಹೆಚ್ಚು ತಾಳ್ಮೆ ಬೇಡುವಂಥದ್ದು. ಮೊದಲ ಎರಡು ಮೂರು ವಾರ ಇಡೀ ತರಗತಿ ಸ್ವಂತ ಕೆಲಸ ಮಾಡಲಿ, ನೀವು ಸಾಲುಗಳ ನಡುವೆ ಓಡಾಡುತ್ತಾ ನೋಡಿ. ಮೊದಲ ದಿನ ಐದು ನಿಮಿಷ. ಅದು ಸರಿಯಾಗಿ ನಡೆದರೆ ಎಂಟು. ಹೀಗೆ ಹನ್ನೆರಡಕ್ಕೆ ತನ್ನಿ. ಮಧ್ಯದಲ್ಲಿ ಕೆಟ್ಟರೆ ಗದರದೆ ಅಲ್ಲಿಗೇ ನಿಲ್ಲಿಸಿ, ಏನು ತಪ್ಪಿತೆಂದು ಮಕ್ಕಳಿಂದಲೇ ಹೇಳಿಸಿ, ಮರುದಿನ ಮತ್ತೆ ಮಾಡಿ. ಪಾಠ ಹಿಂದೆ ಬೀಳುತ್ತದೆ ಎಂದು ಈ ವಾರಗಳನ್ನು ಹಾರಿಸಿದ ಶಿಕ್ಷಕರು ಆಮೇಲೆ ವರ್ಷವಿಡೀ ಗುಂಪಿನ ಮೇಜಿನಿಂದ ‘ಶ್ಶ್’ ಎನ್ನುತ್ತಲೇ ಇರಬೇಕಾಗುತ್ತದೆ. ಹನ್ನೆರಡು ನಿಮಿಷ ನಿಂತ ಮೇಲೆ ಮೊದಲ ಗುಂಪನ್ನು ಕರೆಯಿರಿ. ನಿಮ್ಮ ಬೆನ್ನು ಗೋಡೆಗಿರಲಿ, ಮುಖ ತರಗತಿಯ ಕಡೆಗಿರಲಿ; ಗುಂಪಿನ ಮಕ್ಕಳ ಬೆನ್ನು ತರಗತಿಯ ಕಡೆಗೆ. ನಿಮಗೆ ಎಲ್ಲರೂ ಕಾಣಬೇಕು, ಆ ಐವರಿಗೆ ನೀವು ಮಾತ್ರ ಕಾಣಬೇಕು.

ಸಮಯದ ಹಂಚಿಕೆ ಹೀಗಿರಬಹುದು. ಮೊದಲ ಹತ್ತು ನಿಮಿಷ ಇಡೀ ತರಗತಿಗೆ: ಬಾಯಿಲೆಕ್ಕ, ಆ ದಿನದ ಒಂದು ಅಂಶ. ಎರಡು ನಿಮಿಷ ಕೆಲಸಕ್ಕೆ ಕೂರಲು. ಹನ್ನೆರಡು ನಿಮಿಷ ಮೊದಲ ಗುಂಪು. ಮೂರು ನಿಮಿಷ ಎದ್ದು ಒಂದು ಸುತ್ತು. ಗುರುತು ಹಾಕಿಕೊಂಡವರ ಬಳಿ ನಿಲ್ಲಲು ಇದೇ ಹೊತ್ತು, ಇದನ್ನು ಯಾವ ಕಾರಣಕ್ಕೂ ಬಿಡಬೇಡಿ. ಮತ್ತೆ ಹನ್ನೆರಡು ನಿಮಿಷ ಎರಡನೇ ಗುಂಪು. ಕೊನೆಯ ಆರು ನಿಮಿಷ ಎಲ್ಲರೂ ಒಟ್ಟಿಗೆ, ಚೀಟಿಯಲ್ಲಿ ಒಂದು ಲೆಕ್ಕ. ಒಟ್ಟು 45. ವಾರದಲ್ಲಿ ನಾಲ್ಕು ದಿನ ಹೀಗೆ ಮಾಡಿದರೆ ಎಂಟು ಗುಂಪಿನ ಹೊತ್ತುಗಳು, ಅಂದರೆ ಐವರಂತೆ ನಲವತ್ತು ಜಾಗ ಸಿಗುತ್ತದೆ. 36 ಮಕ್ಕಳನ್ನೂ ಸಮನಾಗಿ ಹಂಚಬೇಕಾಗಿಲ್ಲ. ಕೆಲವರು ವಾರಕ್ಕೆ ಎರಡು ಸಲ ಬರುತ್ತಾರೆ, ಕೆಲವರು ಹದಿನೈದು ದಿನಕ್ಕೊಮ್ಮೆ. ಆದರೆ ಯಾರೂ ತಿಂಗಳುಗಟ್ಟಲೆ ಬಾರದೆ ಇರಬಾರದು. ಐದನೇ ದಿನ ಗುಂಪು ಬೇಡ. ಎಲ್ಲರೂ ಸೇರಿ ಬಿಡಿಸುವ ಒಂದು ದೊಡ್ಡ ಲೆಕ್ಕಕ್ಕೆ ಇಡಿ.

ನಾಲ್ಕು ಮೂಲೆಗೆ ನಾಲ್ಕು ಚಟುವಟಿಕೆ ಇಟ್ಟು, ಹತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಎಲ್ಲ ಗುಂಪುಗಳೂ ಒಂದಾದ ಮೇಲೊಂದು ಸುತ್ತುವ ಕ್ರಮವನ್ನು ಹಲವರು ಶಿಫಾರಸು ಮಾಡುತ್ತಾರೆ. 36 ಮಕ್ಕಳ ತರಗತಿಗೆ ನಾನು ಅದನ್ನು ಹೇಳುವುದಿಲ್ಲ. ಅಲ್ಲಿ ಪ್ರತಿ ಗುಂಪಿಗೂ ಒಂಬತ್ತು ಮಕ್ಕಳಾಗುತ್ತಾರೆ, ಮಗು ಯೋಚನೆಯ ಮಧ್ಯದಲ್ಲಿರುವಾಗ ಗಂಟೆ ಬಾರಿಸುತ್ತದೆ, ಓಡಾಟದಲ್ಲೇ ಅವಧಿಯ ಒಂದು ಪಾಲು ಕರಗುತ್ತದೆ. ಜೊತೆಗೆ ಎಲ್ಲರೂ ನಿತ್ಯ ನಿಮ್ಮ ಮೇಜಿಗೆ ಬರಲೇಬೇಕೆಂಬ ಒತ್ತಾಯದಿಂದ, ನಿಮ್ಮ ನೆರವು ಬೇಡವಾದ ಮಕ್ಕಳೂ ಬರುತ್ತಾರೆ, ಬೇಕಾದವರಿಗೆ ಹೊತ್ತು ಸಾಲುವುದಿಲ್ಲ.

ಈಗ ಆ ಹನ್ನೆರಡು ನಿಮಿಷದ ಒಳಗೆ ಬರೋಣ. 53ರಲ್ಲಿ 27 ಕಳೆದು 34 ಎಂದು ಬರೆದ ನಾಲ್ವರು ನಿಮ್ಮ ಮುಂದೆ ಕೂತಿದ್ದಾರೆ. ಮೊದಲ ಎರಡು ನಿಮಿಷ ಕೇಳುವುದಕ್ಕೆ ಮೀಸಲು: ‘ಹೇಗೆ ಮಾಡಿದಿ, ಹೇಳು.’ ಸರಿ ತಪ್ಪು ಏನೂ ಹೇಳಬೇಡಿ. ಆಮೇಲೆ ಕಡ್ಡಿಗಳನ್ನು ಮುಂದಿಡಿ, ಹತ್ತರ ಐದು ಕಟ್ಟು, ಮೂರು ಬಿಡಿ. ‘ಇದರಲ್ಲಿ ಇಪ್ಪತ್ತೇಳು ನನಗೆ ಕೊಡಿ.’ ಮಗು ಎರಡು ಕಟ್ಟು ಎತ್ತಿ ಕೊಡುತ್ತದೆ. ಬಿಡಿ ಮೂರು ಕೊಡುತ್ತದೆ. ಅಲ್ಲಿ ಕೈ ನಿಲ್ಲುತ್ತದೆ. ಆ ನಿಂತ ಕೈಗಾಗಿಯೇ ನೀವು ಈ ಗುಂಪು ಮಾಡಿದ್ದು. ದಯವಿಟ್ಟು ಆಗ ಮಾತಾಡಬೇಡಿ. ಪ್ರಾಥಮಿಕ ಶಾಲೆಗಳ ವಿಜ್ಞಾನದ ತರಗತಿಗಳನ್ನು ಗಮನಿಸಿದ ಮೇರಿ ಬಡ್ ರೋ, ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದೂ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಉತ್ತರಿಸುವವರ ಸಂಖ್ಯೆಯೂ ಹೆಚ್ಚುತ್ತದೆಂದೂ 1970ರ ದಶಕದಲ್ಲಿ ತೋರಿಸಿಕೊಟ್ಟರು. ಮೂವತ್ತಾರು ಮಕ್ಕಳ ಮುಂದೆ ನಿಂತಾಗ ಮೂರು ಸೆಕೆಂಡು ಕಾಯುವುದು ಕಷ್ಟ. ನಾಲ್ವರ ಮುಂದೆ ಅದು ಸಾಧ್ಯ.

‘ಇನ್ನೆಷ್ಟು ಕೊಡಬೇಕು?’ ‘ನಾಲ್ಕು.’ ‘ಎಲ್ಲಿಂದ ಕೊಡುತ್ತೀ?’ ಸ್ವಲ್ಪ ಹೊತ್ತಿಗೆ ಒಬ್ಬರಾದರೂ ಕಟ್ಟು ಬಿಚ್ಚುತ್ತಾರೆ. ಹತ್ತರಲ್ಲಿ ನಾಲ್ಕು ಕೊಟ್ಟರೆ ಬಿಡಿ ಆರು, ಕಟ್ಟು ಎರಡು ಉಳಿಯುತ್ತವೆ. ಈಗ ಮಕ್ಕಳು ತಾವೇ ಬರೆದ 34ರ ಚೀಟಿಯನ್ನು ಪಕ್ಕದಲ್ಲಿಟ್ಟು ಕೇಳಿ: ‘ಬರೀ ಎರಡು ಕಟ್ಟು ಕೊಟ್ಟಾಗಲೇ ನಿನ್ನ ಬಳಿ ಎಷ್ಟು ಉಳಿದಿತ್ತು?’ ಮೂವತ್ತಮೂರು. ‘ಆಮೇಲೆ ಇನ್ನೂ ಏಳು ಕೊಟ್ಟೆ. ಹಾಗಾದರೆ ಮೂವತ್ತನಾಲ್ಕು ಉಳಿಯಬಹುದೇ?’ ಈ ಪ್ರಶ್ನೆ ಮಗುವಿಗೆ ತನ್ನ ಉತ್ತರವನ್ನು ತಾನೇ ಅಳೆಯುವ ಅಳತೆಗೋಲು ಕೊಡುತ್ತದೆ, ಮುಂದೆ ನೀವು ಇಲ್ಲದಾಗಲೂ ಅದು ಕೈಯಲ್ಲಿರುತ್ತದೆ. ಆಮೇಲೆ ಕಡ್ಡಿ ಬದಿಗಿಟ್ಟು, ಅದನ್ನೇ ಗೆರೆ ಮತ್ತು ಚುಕ್ಕಿಗಳಾಗಿ ಚಿತ್ರ ಬರೆಸಿ. ಕೊನೆಗೆ ಅಂಕಿಗಳಲ್ಲಿ ಬರೆಸಿ, ಪ್ರತಿ ಹೆಜ್ಜೆಯಲ್ಲೂ ‘ಇದು ಕಡ್ಡಿಯಲ್ಲಿ ಯಾವುದು?’ ಎಂದು ತೋರಿಸಲು ಹೇಳಿ. ವಸ್ತು, ಚಿತ್ರ, ಸಂಕೇತ ಎಂಬ ಈ ಮೂರು ಮೆಟ್ಟಿಲು ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಅವರ ವಿಚಾರದಿಂದ ಬಂದದ್ದು. ಬಹಳ ತರಗತಿಗಳಲ್ಲಿ ನಡುವಿನ ಚಿತ್ರದ ಮೆಟ್ಟಿಲು ತಪ್ಪಿಹೋಗುತ್ತದೆ. ಕಡ್ಡಿಯಲ್ಲಿ ಬಲ್ಲ ಮಗು ಅಂಕಿಯಲ್ಲಿ ಎಡವುವುದಕ್ಕೆ ಅದೂ ಒಂದು ಕಾರಣ. ಕೊನೆಯ ನಿಮಿಷದಲ್ಲಿ 61ರಲ್ಲಿ 38 ಕಳೆಯಲು ಒಬ್ಬೊಬ್ಬರಿಗೂ ಬೇರೆಯಾಗಿ ಕೊಡಿ, ನೋಡಿ, ಕಳುಹಿಸಿ.

36 ಎಂದು ಬರೆದವರಿಗೆ ಇಷ್ಟೆಲ್ಲ ಬೇಡ. ಅವರಿಗೆ ಕಟ್ಟು ಬಿಚ್ಚುವುದು ಗೊತ್ತಿದೆ, ಬಿಚ್ಚಿದ ಮೇಲೆ ಕಟ್ಟು ಎಷ್ಟು ಉಳಿಯಿತೆಂದು ಬರೆದಿಡುವ ಅಭ್ಯಾಸ ಬೇಕು. ಅದು ಒಂದೇ ದಿನದ ಕೆಲಸ. 27 ಎಂದವರಿಗೆ ಬೇಕಾದದ್ದು ಇಪ್ಪತ್ತರೊಳಗಿನ ಕೂಡುವ ಕಳೆಯುವ ಲೆಕ್ಕಗಳು ಬೆರಳಿಲ್ಲದೆ ಬಾಯಿಗೆ ಬರುವುದು. ಗಣಿತದಲ್ಲಿ ಹಿಂದುಳಿದ ಮಕ್ಕಳಿಗೆ ನೆರವಾಗುವ ಕುರಿತು ಅಮೆರಿಕದ ಶಿಕ್ಷಣ ಇಲಾಖೆಯ ಸಂಶೋಧನಾ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲಿ, ಇಂಥ ಮಕ್ಕಳ ಪ್ರತಿ ಅವಧಿಯಲ್ಲೂ ಸುಮಾರು 10 ನಿಮಿಷ ಇದಕ್ಕೇ ಇಡಬೇಕೆಂಬ ಸಲಹೆ ಇದೆ. ಒಂದೇ ದಿನ ಅರ್ಧ ಗಂಟೆ ಮಾಡಿಸಿ ಬಿಡುವುದಕ್ಕಿಂತ ನಿತ್ಯ ಸ್ವಲ್ಪ ಸ್ವಲ್ಪ ಮಾಡಿಸುವುದು ಲೇಸು.

ಇನ್ನು ‘ದಡ್ಡರ ಗುಂಪು’ ಎಂಬ ಮಾತಿಗೆ ಬರುತ್ತೇನೆ. ಈ ಮಾತನ್ನು ಬೈದು ನಿಲ್ಲಿಸಲಾಗದು. ಗುಂಪುಗಳಿಗೆ ಬಣ್ಣದ್ದೋ ಹಕ್ಕಿಯದ್ದೋ ಹೆಸರಿಟ್ಟು ಮುಚ್ಚಲೂ ಆಗದು, ಯಾವ ಹಕ್ಕಿ ಯಾವ ಮಟ್ಟದ್ದೆಂದು ಮಕ್ಕಳು ಎರಡೇ ದಿನದಲ್ಲಿ ಕಂಡುಹಿಡಿಯುತ್ತಾರೆ. ಹೆಸರು ಅಂಟಿಕೊಳ್ಳಲು ಅದೇ ಮಕ್ಕಳು ಅದೇ ಜಾಗದಲ್ಲಿ ದಿನವೂ ಕೂರಬೇಕು. ಗುಂಪು ಒಂದು ತಪ್ಪಿಗಾಗಿ ಹುಟ್ಟಿ, ಎರಡು ಮೂರು ಸಲ ಸೇರಿ, ಮುಗಿದುಹೋಗುತ್ತಿದ್ದರೆ ಹೆಸರಿಗೆ ಹಿಡಿತ ಸಿಗುವುದಿಲ್ಲ. ಆದ್ದರಿಂದ ಗುಂಪಿಗೆ ಹೆಸರೇ ಬೇಡ. ಆ ದಿನದ ಮಕ್ಕಳ ಹೆಸರನ್ನು ಓದಿ ಕರೆಯಿರಿ, ಅಷ್ಟೇ. ಕಳೆಯುವುದರಲ್ಲಿ ಬಂದ ಮಗು ಆಕೃತಿಗಳ ಪಾಠದಲ್ಲಿ ಬರಬೇಕಾಗಿಲ್ಲ. ಎಲ್ಲರಿಗಿಂತ ಚೆನ್ನಾಗಿ ಲೆಕ್ಕ ಮಾಡುವ ಮಕ್ಕಳನ್ನೂ ಮೊದಲ ವಾರದಲ್ಲೇ ಕರೆಯಿರಿ, ನಿಮ್ಮ ಮೇಜು ಶಿಕ್ಷೆಯ ಜಾಗವಲ್ಲ ಎಂದು ಅವರ ಮೂಲಕ ತರಗತಿಗೆ ತಿಳಿಯಲಿ.

ಈಗಾಗಲೇ ಅಂಟಿರುವ ಹೆಸರನ್ನು ಕಳಚಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ಕೋಹೆನ್ ಅವರ ಒಂದು ಸಲಹೆಯನ್ನು ನಾನು ಬಹಳ ಬೆಲೆಯುಳ್ಳದ್ದೆಂದು ಭಾವಿಸುತ್ತೇನೆ. ತರಗತಿಯಲ್ಲಿ ಕೆಲವು ಮಕ್ಕಳ ಮಾತಿಗೆ ಬೆಲೆ ಹೆಚ್ಚು, ಕೆಲವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳರು. ಈ ಅಂತಸ್ತು ಕಲಿಕೆಯನ್ನೇ ತಡೆಯುತ್ತದೆ ಎಂದು ಅವರು ವಿವರಿಸಿದರು. ಅದಕ್ಕೆ ಮದ್ದು, ಕೆಳಗೆ ತಳ್ಳಲ್ಪಟ್ಟ ಮಗು ನಿಜವಾಗಿ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಎಲ್ಲರೆದುರು, ನಿಖರವಾಗಿ, ಅದು ಏಕೆ ಮುಖ್ಯವೆಂದು ಸೇರಿಸಿ ಹೇಳುವುದು. ‘ಶಭಾಷ್’ ಎಂದರೆ ಸಾಲದು. ‘ಬಿಡಿ ಮುಗಿದ ಮೇಲೆ ಕಟ್ಟು ಬಿಚ್ಚದೆ ನಾಲ್ಕು ಕೊಡಲು ಆಗುವುದಿಲ್ಲವೆಂದು ಮೊದಲು ಗಮನಿಸಿದ್ದು ಇವಳು, ಕಳೆಯುವ ವಿಧಾನವೆಲ್ಲ ನಿಂತಿರುವುದು ಈ ಮಾತಿನ ಮೇಲೆ’ ಎನ್ನಿ. ಸುಳ್ಳು ಹೊಗಳಿಕೆ ಖಂಡಿತ ಬೇಡ, ಮಕ್ಕಳಿಗೆ ಅದು ಕೂಡಲೇ ತಿಳಿಯುತ್ತದೆ. ನಾಲ್ವರ ಗುಂಪಿನಲ್ಲಿ ಹತ್ತಿರದಿಂದ ನೋಡುವ ನಿಮಗೆ ಇಂಥ ನಿಜವಾದ ಕ್ಷಣಗಳು ಸಿಕ್ಕೇ ಸಿಗುತ್ತವೆ.

ಮುಂದಿರುವ ಮಕ್ಕಳಿಗೆ ಗುಂಪು ಏಕೆ ಎಂದು ನೀವು ಕೇಳಬಹುದು. ಅವರಿಗೆ 8 + 4 = □ + 5 ಎಂದು ಬರೆದು, ಚೌಕದಲ್ಲಿ ಯಾವ ಸಂಖ್ಯೆ ಬರುತ್ತದೆಂದು ಕೇಳಿ ನೋಡಿ. ಬರಬೇಕಾದದ್ದು 7. ಅಮೆರಿಕದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರನೇ ತರಗತಿಯ 145 ಮಕ್ಕಳಿಗೆ ಇದನ್ನು ಕೊಟ್ಟಾಗ ಎಲ್ಲರೂ 12 ಎಂದೋ 17 ಎಂದೋ ಉತ್ತರಿಸಿದರು. ಲೆಕ್ಕ ಮಾಡಲು ಬಾರದ ಮಕ್ಕಳೇನಲ್ಲ ಅವರು. ಸಮ ಚಿಹ್ನೆ ಎಂದರೆ ‘ಮುಂದೆ ಉತ್ತರ ಬರೆ’ ಎಂಬ ಆಜ್ಞೆ ಎಂದು ತಿಳಿದಿದ್ದರು. ಬೇಗ ಬೇಗ ಸರಿ ಉತ್ತರ ಬರೆಯುವ ಮಕ್ಕಳಲ್ಲಿ ಇಂಥ ಗೊಂದಲಗಳು ಹಾಳೆಯ ಮೇಲೆ ಕಾಣಿಸದೆ ವರ್ಷಗಟ್ಟಲೆ ಉಳಿದು, ಬೀಜಗಣಿತಕ್ಕೆ ಬಂದಾಗ ಕಾಡುತ್ತವೆ. ಅವರಿಗೂ ಹದಿನೈದು ದಿನಕ್ಕೊಮ್ಮೆಯಾದರೂ ನಿಮ್ಮೆದುರು ಕೂತು ‘ಏಕೆ?’ ಎಂಬುದಕ್ಕೆ ಉತ್ತರ ಹುಡುಕುವ ಅವಕಾಶ ಇರಲಿ. ಅವರನ್ನು ಸದಾ ಇತರರಿಗೆ ಕಲಿಸುವ ಸಹಾಯಕರಾಗಿ ಮಾತ್ರ ಬಳಸುವುದು ನ್ಯಾಯವಲ್ಲ.

ದಾಖಲೆ ಸರಳವಾಗಿರಲಿ. ಒಂದೇ ಹಾಳೆ; ಎಡಕ್ಕೆ 36 ಹೆಸರು, ಮೇಲೆ ದಿನಾಂಕ. ಗುಂಪಿಗೆ ಬಂದ ಮಗುವಿನ ಎದುರು ಎರಡು ಪದ: ‘ತಿರುಗಿಸಿ ಕಳೆಯುತ್ತಾನೆ’, ‘ಚಿತ್ರದಲ್ಲಿ ಸರಿ’, ‘ಬಿಡಬಹುದು’. ಮಕ್ಕಳು ಎದ್ದು ಹೋಗುತ್ತಿರುವಾಗಲೇ ಬರೆದುಬಿಡಿ, ಸಂಜೆಗೆ ನೆನಪಿರುವುದಿಲ್ಲ. ತಿಂಗಳ ಕೊನೆಗೆ ಆ ಹಾಳೆಯಲ್ಲಿ ಯಾರ ಸಾಲು ಖಾಲಿ ಇದೆ ಎಂದು ನೋಡಿ. ತರಗತಿಯಲ್ಲಿ ಸದ್ದಿಲ್ಲದೆ ಕೂರುವ, ಮಧ್ಯಮ ಅಂಕದ ಮಕ್ಕಳೇ ಅಲ್ಲಿರುತ್ತಾರೆ. ಮಗುವನ್ನು ಗುಂಪಿನಿಂದ ಬಿಡಲು ನಾನು ಬಳಸುವ ಅಳತೆ ಇದು: ಎರಡು ಬೇರೆ ಬೇರೆ ದಿನ ಲೆಕ್ಕ ಸರಿಯಾಗಬೇಕು, ಏಕೆ ಹಾಗೆ ಎಂದು ಮಗು ತನ್ನ ಮಾತಿನಲ್ಲಿ ಹೇಳಬೇಕು. ಅದೇ ದಿನ ಸರಿಯಾದದ್ದು ನಿಮ್ಮ ಮಾತಿನ ನೆನಪಷ್ಟೇ ಇರಬಹುದು.

ಒಂದು ಮಗು ಮೂರನೇ ವಾರವೂ ಅದೇ ತಪ್ಪಿಗೆ ನಿಮ್ಮ ಮುಂದೆ ಬಂದು ಕೂತರೆ, ಅದೇ ಪಾಠವನ್ನು ನಾಲ್ಕನೇ ಸಲ ಮಾಡಬೇಡಿ. ತೊಂದರೆ ಇನ್ನೂ ಕೆಳಗಿದೆ. 53 ಕಡ್ಡಿಗಳನ್ನು ಬಿಡಿಯಾಗಿಯೇ ಕೊಟ್ಟು ಎಣಿಸಲು ಹೇಳಿ. ಮಗು ತಾನಾಗಿಯೇ ಹತ್ತತ್ತರ ಕಟ್ಟು ಮಾಡುತ್ತದೆಯೇ, ಒಂದೊಂದಾಗಿ ಎಣಿಸುತ್ತದೆಯೇ ನೋಡಿ. 47ಕ್ಕೆ ಹತ್ತು ಸೇರಿಸಿದರೆ ಎಷ್ಟೆಂದು ಕೇಳಿ. ಕೂಡಲೇ 57 ಎನ್ನುತ್ತದೆಯೇ, ಬೆರಳು ಮಡಿಚುತ್ತದೆಯೇ ಗಮನಿಸಿ. ಹತ್ತು ಬಿಡಿಗಳೂ ಒಂದು ದಶಕವೂ ಒಂದೇ ಎಂಬುದು ಮಗುವಿಗೆ ಇನ್ನೂ ಕೂಡಿಬಂದಿಲ್ಲವಾದರೆ ಕಳೆಯುವ ಲೆಕ್ಕವನ್ನು ಕೆಲವು ವಾರ ಬದಿಗಿಟ್ಟು, ಕಟ್ಟುವುದು ಬಿಚ್ಚುವುದನ್ನೇ ಮಾಡಿಸಿ. ಕರಿಹಲಗೆ ಸರಿಯಾಗಿ ಕಾಣುತ್ತದೆಯೇ, ಮಾತು ಕೇಳಿಸುತ್ತದೆಯೇ ಎಂಬುದನ್ನೂ ಮನೆಯವರ ಜೊತೆ ಮಾತಾಡಿ ತಪಾಸಣೆ ಮಾಡಿಸಿ. ಎರಡು ತರಗತಿಗಳಷ್ಟು ಹಿಂದೆ ಉಳಿದಿರುವ ಮಗುವಿಗೆ ನಿಮ್ಮ ಹನ್ನೆರಡು ನಿಮಿಷ ಸಾಲದು. ಮುಖ್ಯ ಶಿಕ್ಷಕರ ಜೊತೆ ಮಾತಾಡಿ, ದಿನವೂ ಇಪ್ಪತ್ತು ನಿಮಿಷ ಪರಿಹಾರ ಬೋಧನೆಗೆ ಬೇರೆ ಹೊತ್ತು ಗೊತ್ತುಮಾಡಿ. ಆ ಹೊತ್ತು ಆಟದ ಅವಧಿಯನ್ನು ಕಿತ್ತು ಕೊಟ್ಟದ್ದಾಗದಿರಲಿ.